ಮುಟ್ಟಿದ್ರ ಹಾಡೋದು ಜೋಗುಳ ಅಲ್ರೀ

ಈಗ ಮುಟ್ಟಿದ್ರ ಹಾಡೋ ಶಿಲ್ಪ ಮಾಡ್ತಾರಂತ. ಒಳಗ ಸೆನ್ಸರ್, ಸ್ಪೀಕರ್, ರೆಕಾರ್ಡ್ ಮಾಡಿದ ದನಿ. ಕೈ ಇಟ್ರ ಸಾಕು, ಯಾರದೋ ಮನಿ ಅಜ್ಜಿ ಜೋಗುಳ ಕೇಳಸ್ತದ. ನಮ್ಮ ತಂಗಿ ಮಗಳು ಮೊಬೈಲಿನ್ಯಾಗ ಅಂಥಾದ್ದೊಂದು ತೋರಿಸಿ, "ನೋಡ್ ಮೌಶಿ, ಹಿಂಗಾದ್ರೂ ಜೋಗುಳ ಉಳೀತಾವ" ಅಂದ್ಲು. ಶಿಲ್ಪ ಛಂದ ಇದ್ರ ನೋಡೋಣ, ಬ್ಯಾಡ ಅಂದವರ‍್ಯಾರು? ನನ್ನ ತಕರಾರು ಆ "ಉಳೀತಾವ" ಅನ್ನೋ ಮಾತಿಗೆ.

ಜೋಗುಳ ಕೂಸಿನ ಕಣ್ಣು ನೋಡ್ಕೋತ ಹಾಡೋದು. ರೆಪ್ಪಿ ಭಾರ ಆದ್ರ ದನಿ ಇಳಸ್ತೀವಿ, ತುಟಿ ಸೊಟ್ಟ ಮಾಡಿದ್ರ ಮತ್ತ ಮೊದಲಿಂದ ಶುರು. ತೊಟ್ಟಿಲ ಹಗ್ಗ ಜಗ್ಗೋ ಕೈನ ತಾಳ. ನಮ್ಮ ತ್ರಿಪದಿಗೆ ಮೂರ ಸಾಲು. ಅದರಾಗ ಕೂಸಿನ ಹೆಸರು, ಸೋದರಮಾವನ ಹೆಸರು, ತವರೂರು ಎಲ್ಲಾ ಕೂಡಿಸಬಹುದು. ಅತ್ತಿ ಮ್ಯಾಲಿನ ಸಿಟ್ಟನ್ನೂ ಮೆಲ್ಲಕ ಸೇರಿಸಿಬಿಡಬಹುದು! ಯಂತ್ರಕ್ಕ ತಿಳಿಯೋದು ಕೈ ಮುಟ್ಟಿದ್ದಷ್ಟ. ಕೂಸು ಮಲಗೇದೋ ಇಲ್ಲೋ, ಅದಕ್ಯಾಕ?

ಹಂಗಂತ ಹಾಡು ಕೂಡಿಸಿ ಇಡೋದು ಬ್ಯಾಡ ಅನ್ನೋದಿಲ್ಲ. ಹಲಸಂಗಿ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರಕೊಂಡು 1931ರಾಗ 'ಗರತಿಯ ಹಾಡು' ತಂದ್ರು. ದೊಡ್ಡ ಉಪಕಾರ. ಆದ್ರ ಕಪಾಟಿನ್ಯಾಗ ಕೂತ ಪುಸ್ತಕ ಕೂಸು ಮಲಗಸೂದಿಲ್ಲ, ಬಾಯಿ ನಾವ ತೆರೀಬೇಕು.

"ನನ್ನ ದನಿ ಛಲೋ ಇಲ್ರೀ" ಅನ್ನೋ ನೆವ ಬ್ಯಾಡ. 1980ರಾಗ ಅಮೆರಿಕಾದ ಡಿಕ್ಯಾಸ್ಪರ್, ಫೈಫರ್ ಅನ್ನೋ ಇಬ್ಬರು ಸಂಶೋಧಕರು ಹುಟ್ಟಿ ಮೂರು ದಿನಾನೂ ಆಗದ ಕೂಸುಗಳ ಬಾಯಾಗ ರಬ್ಬರ್ ನಿಪ್ಪಲ್ ಇಟ್ಟು ನೋಡಿದ್ರು. ಒಂದು ರೀತಿ ಚೀಪಿದ್ರ ತಾಯಿ ದನಿ, ಇನ್ನೊಂದು ರೀತಿ ಚೀಪಿದ್ರ ಬ್ಯಾರೆ ಹೆಂಗಸಿನ ದನಿ ಕೇಳ್ತಿತ್ತು. ಕೂಸುಗಳು ತಾಯಿ ದನಿ ಬರೋ ಹಂಗ ಚೀಪಿದ್ವು. ಅದೂ ಯಂತ್ರನ ಅಲ್ಲೇನ್ರೀ? ಆದ್ರ ಅದರಿಂದ ಕೂಸು ಬೇಡಿದ್ದು ತನ್ನ ಅವ್ವನ್ನ. ಶ್ರುತಿ ಹತ್ತೇದೋ ಇಲ್ಲೋ ಅಂತ ಯಾವ ಕೂಸೂ ಕೇಳಲಿಲ್ಲ.

ಈಗಿನ ತೊಟ್ಟಿಲ ಕಾರ್ಯಕ್ರಮ ನೋಡ್ರಿ. ಸ್ಪೀಕರ್ ಹಚ್ಚಿ, ಹಾಡು ಬರೋ ಅತ್ತಿ-ಮೌಶಿಗೋಳನ್ನೆಲ್ಲ ಫೋಟೋಕ್ಕ ಸಾಲಾಗಿ ನಿಲ್ಲಸ್ತಾರ. ಜೋಗುಳ ಸಾಯೋದು ಅಲ್ಲೇ, ಬಾಯಿದ್ದವರು ಸುಮ್ಮನ ನಿಂತಲ್ಲಿ. ಮುಂದಿನ ತೊಟ್ಟಿಲಕ್ಕ ಸ್ಪೀಕರ್ ಬಂದ್ ಮಾಡ್ರಿ. ಒಬ್ಬೊಬ್ಬರು ಒಂದೊಂದು ನುಡಿ ಹಾಡ್ರಿ, ಮರತ್ರ ಕಟ್ಟಿ ಹಾಡ್ರಿ. ಗಂಡಸರಿಗೂ ಹಗ್ಗ ಕೊಡ್ರಿ. ಹೆಂಗಸರ ಜಗ್ಗಬೇಕು ಅಂತ ಆ ಹಗ್ಗದ ಮ್ಯಾಲೇನೂ ಬರದಿಲ್ಲ.