ಮೀನಿಗೆ ಐದು ಹಂತ, ನಮಗೆ ಎರಡೇ ಹಂತ

ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಈಗ ಕೆಲವರು ಸಮುದ್ರ ಸಾಕುತ್ತಿದ್ದಾರೆ. ನಾಯಿ ಸಾಕಿದ ಹಾಗೆ, ಗಿಣಿ ಸಾಕಿದ ಹಾಗೆ, ಸಮುದ್ರ. ಗಾಜಿನ ತೊಟ್ಟಿ 6 ಅಡಿ ಉದ್ದ, ಎರಡೂವರೆ ಅಡಿ ಅಗಲ, ಎರಡೂವರೆ ಅಡಿ ಎತ್ತರ. ತುಂಬಿದರೆ ಸಾವಿರ ಲೀಟರ್ ದಾಟುತ್ತದೆ. ನಮ್ಮ ಮನೆಗಳ ಮೇಲೆ ಕೂತಿರುವ ಕಪ್ಪು ಸಿಂಟೆಕ್ಸ್ ಇದೆಯಲ್ಲ, ಅಷ್ಟು ನೀರು. ಅದರೊಳಗೆ ಜೀವಂತ ಹವಳ, ಕಿತ್ತಳೆ ಬಣ್ಣದ ಮೀನು, ನೀಲಿ ಮೀನು, ಸೀಗಡಿ. ಸೋಫಾದಲ್ಲಿ ಕೂತು ನೋಡುವುದಕ್ಕೆ.

ನಮಗ್ಯಾಕೆ ಈ ಸುದ್ದಿ ಅಂತ ಕೇಳ್ತೀರಿ. ದುಡ್ಡಿರೋರು ಏನಾದ್ರೂ ಮಾಡ್ಕೊಳ್ಳಲಿ ಬಿಡಿ ಅಂತ ನಾವೂ ಅಂದುಕೊಂಡಿದ್ದೆವು. ಆದರೆ ಆ ತೊಟ್ಟಿಯ ನೀರು ಕೊನೆಗೆ ಹೋಗುವುದು ಎಲ್ಲಿಗೆ ಅಂತ ಕೇಳಿಕೊಂಡ ಮೇಲೆ ಸುಮ್ಮನಿರಲು ಆಗಲಿಲ್ಲ.

ಮೊದಲು ಅದನ್ನು ಹೇಗೆ ನೋಡಿಕೊಳ್ಳುತ್ತಾರೆ ಅಂತ ಕೇಳಿ. ಈ ಕೆಲಸ ಮಾಡುವ ಒಬ್ಬ ಹುಡುಗ ನಮ್ಮ ಕಡೆಯವನೇ, ಬಾಗೇಪಲ್ಲಿ ತಾಲ್ಲೂಕಿನವನು. ಡಿಗ್ರಿ ಅರ್ಧಕ್ಕೆ ಬಿಟ್ಟು ಬೆಂಗಳೂರು ಸೇರಿದ. ಬೈಕಿನಲ್ಲಿ ಮನೆಯಿಂದ ಮನೆಗೆ ಹೋಗಿ ತೊಟ್ಟಿಗಳ ಯೋಗಕ್ಷೇಮ ನೋಡುವುದು ಅವನ ಸಂಬಳದ ಕೆಲಸ. ಅವನು ಹೇಳಿದ್ದನ್ನೇ ಬರೆಯುತ್ತಿದ್ದೇವೆ.

ಬೋರ್‌ವೆಲ್ ನೀರು, ಕಾವೇರಿ ನೀರು ಯಾವುದೂ ಆ ತೊಟ್ಟಿಗೆ ಆಗುವುದಿಲ್ಲ. ಮೊದಲು ಮಣ್ಣು ತಡೆಯುವ ಫಿಲ್ಟರ್, ಆಮೇಲೆ ಒಂದಲ್ಲ ಎರಡು ಇದ್ದಿಲಿನ ಫಿಲ್ಟರ್, ಆಮೇಲೆ ಆರ್‌ಓ ಪೊರೆ, ಅದಾದ ಮೇಲೆ ಉಳಿದ ಚೂರುಪಾರು ಲವಣವನ್ನೂ ಹೀರುವ ಒಂದು ರಾಳದ ಕೊಳವೆ. ಹೀಗೆ ಐದು ಹಂತ ದಾಟಿ, ಟಿಡಿಎಸ್ ಮೀಟರ್ ಸೊನ್ನೆ ತೋರಿಸಿದ ನೀರಿಗೆ ಪ್ಯಾಕೆಟ್ಟಿನ ಸಮುದ್ರದ ಉಪ್ಪು ಬೆರೆಸುತ್ತಾರೆ. ಲೀಟರಿಗೆ ಸುಮಾರು 35 ಗ್ರಾಂ. ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ಕಷ್ಟ.

ವಾರಕ್ಕೊಮ್ಮೆ ನೂರು ಲೀಟರ್ ಹಳೇ ನೀರು ತೆಗೆದು ಹೊಸದು ಹಾಕಬೇಕು. ದಿನಾ ಹತ್ತು ಲೀಟರಿನಷ್ಟು ಆವಿಯಾಗುತ್ತದೆ, ಅದಕ್ಕೆ ಉಪ್ಪಿಲ್ಲದ ಶುದ್ಧ ನೀರು ತುಂಬಬೇಕು. ಬಿಸಿ 25-26 ಡಿಗ್ರಿ ದಾಟದ ಹಾಗೆ ಚಿಲ್ಲರ್. ಅಲೆ ಎಬ್ಬಿಸಲು ಒಂದು ಮೋಟಾರ್, ನೀರು ತಿರುಗಿಸಲು ಇನ್ನೊಂದು. ಕರೆಂಟ್ ಹೋಗಿ ನೀರು ನಿಂತರೆ ಕೆಲವೇ ಗಂಟೆಯಲ್ಲಿ ಗಾಳಿ ಸಾಲದೆ ಒಳಗಿನ ಜೀವಗಳು ಒದ್ದಾಡುತ್ತವೆ, ಅದಕ್ಕೇ ತೊಟ್ಟಿಗೇ ಬೇರೆ ಯುಪಿಎಸ್. ಹವಳ ಬೆಳೆಯಲು ಸುಣ್ಣದಂಶ ಬೇಕು. ಅದಕ್ಕೆ ರಾತ್ರಿ ಹೊತ್ತು ಹನಿಹನಿಯಾಗಿ ಒಂದು ನೀರು ಬಿಡುತ್ತಾರೆ, ಜರ್ಮನ್ ಹೆಸರು ಕಾಲ್ಕ್‌ವಾಸರ್. ಏನಪ್ಪಾ ಅದು ಅಂದರೆ ಸುಣ್ಣದ ತಿಳಿ! ಅಜ್ಜಿ ಎಲೆಅಡಿಕೆಗೆ ನೆನೆಸಿಟ್ಟ ಸುಣ್ಣದ ಮೇಲೆ ನಿಲ್ಲುತ್ತಿತ್ತಲ್ಲ, ಅದೇ ತಿಳಿನೀರು.

ಇನ್ನೊಂದು ಯಂತ್ರವಿದೆ, ಸ್ಕಿಮ್ಮರ್. ನೀರಿಗೆ ಸಣ್ಣ ಸಣ್ಣ ಗುಳ್ಳೆ ಊದಿ ನೊರೆ ಎಬ್ಬಿಸುತ್ತದೆ. ಮೀನಿನ ಹೊಲಸು ಆ ನೊರೆಗೆ ಅಂಟಿ ಮೇಲಿನ ಕಪ್ಪಿಗೆ ಬಂದು ಬೀಳುತ್ತದೆ. ಹುಡುಗ ಅದನ್ನು ತೆಗೆದು ಚೆಲ್ಲಿ, ಕಪ್ಪು ತೊಳೆದಿಡುತ್ತಾನೆ. ಆ ಕಪ್ಪಿನ ವಾಸನೆ ನಮ್ಮ ಚರಂಡಿಯನ್ನೂ ಮೀರಿಸುತ್ತದಂತೆ.

ಕೊನೆಗೆ ಪರೀಕ್ಷೆ. ಕ್ಷಾರ ವಾರಕ್ಕೆ ಎರಡು ಸಲ, ಕ್ಯಾಲ್ಸಿಯಂ, ಮೆಗ್ನೀಷಿಯಂ, ಫಾಸ್ಫೇಟ್, ನೈಟ್ರೇಟ್ ಎಲ್ಲಾ ಪುಸ್ತಕದಲ್ಲಿ ಬರೆದಿಡಬೇಕು. ನೈಟ್ರೇಟ್ ಲೀಟರಿಗೆ 10 ಮಿಲಿಗ್ರಾಂ ದಾಟಿದರೆ ಯಜಮಾನರಿಂದ ಫೋನು ಬರುತ್ತದೆ. "ಮೀನಿಗಲ್ಲಣ್ಣ, ನೀರಿಗೇ ಕಾವಲು ಕೂತ್ಕೋಬೇಕು" ಅಂದ.

ಈಗ ನಮ್ಮ ಲೆಕ್ಕಕ್ಕೆ ಬನ್ನಿ. ವಾರಕ್ಕೆ ಬದಲಿಸಲು 100 ಲೀಟರ್, ಆವಿಗೆ 70, ಒಟ್ಟು 170 ಲೀಟರ್ ಶುದ್ಧ ನೀರು. ಒಂದು ಲೀಟರ್ ಶುದ್ಧ ನೀರಿಗೆ ಮೂರು ಲೀಟರ್ ಆಚೆ ಬಿಡುವ ಆರ್‌ಓ ಯಂತ್ರವಾದರೆ 510 ಲೀಟರ್ ಮೋರಿಗೆ. ಕೂಡಿದರೆ 680, ಅಂದರೆ ದಿನಕ್ಕೆ 97 ಲೀಟರ್. ಜಲ ಜೀವನ್ ಮಿಷನ್ ನಮಗೆ ತಲೆಗೆ ದಿನಕ್ಕೆ 55 ಲೀಟರ್ ಅಂತ ಗೊತ್ತು ಮಾಡಿದೆ. ಹಾಗಾಗಿ ಒಂದು ತೊಟ್ಟಿ ಅಂದರೆ ಹಳ್ಳಿಯ ಇಬ್ಬರು, ಸ್ವಲ್ಪ ಕಡಿಮೆ. ಕರೆಂಟು? ಪಂಪು, ದೀಪ, ಚಿಲ್ಲರ್ ಎಲ್ಲಾ ಸೇರಿ ಇಂಥ ತೊಟ್ಟಿಗೆ ತಿಂಗಳಿಗೆ 400 ಯೂನಿಟ್ ಸಲೀಸಾಗಿ ಆಗುತ್ತದೆ. ಗೃಹಜ್ಯೋತಿಯ ಮಿತಿ 200.

ನಾವು ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನೀರಿನ ಮಟ್ಟಿಗೆ ಈ ತೊಟ್ಟಿ ದೊಡ್ಡ ಕಳ್ಳನಲ್ಲ. ಒಂದು ಎಕರೆ ಭತ್ತಕ್ಕೆ ನಾವು ಹಾಯಿಸುವ ನೀರಿನ ಮುಂದೆ ಇದು ಲೆಕ್ಕಕ್ಕೇ ಬರುವುದಿಲ್ಲ. ಬಿಲ್ಲು ಅವರೇ ಕಟ್ಟುತ್ತಾರೆ. ಹೊಟ್ಟೆಕಿಚ್ಚಿಗೆ ಬರೆಯುತ್ತಿದ್ದಾರೆ ಅನ್ನುವವರು ಇಲ್ಲೇ ಓದು ನಿಲ್ಲಿಸಬೇಡಿ.

ಉಪ್ಪಿಗೆ ಬನ್ನಿ. ವಾರಕ್ಕೆ ನೂರು ಲೀಟರ್ ಉಪ್ಪುನೀರು ತೆಗೆದರೆ ಮೂರೂವರೆ ಕೆ.ಜಿ. ಉಪ್ಪು. ವರ್ಷಕ್ಕೆ 182 ಕೆ.ಜಿ. ಅದು ಬಾತ್‌ರೂಮಿನ ಮೋರಿಗೆ, ಅಲ್ಲಿಂದ ಒಳಚರಂಡಿಗೆ, ಅಲ್ಲಿಂದ ಸಂಸ್ಕರಣಾ ಘಟಕಕ್ಕೆ. ಬೆಂಗಳೂರಿನ ಆ ಘಟಕಗಳಿಂದ ಹೊರಬಿದ್ದ ನೀರು ಪೈಪಿನಲ್ಲಿ ಎಲ್ಲಿಗೆ ಬರುತ್ತದೆ? ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ, ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಚಿಕ್ಕಬಳ್ಳಾಪುರದ ಕೆರೆಗಳಿಗೆ. ಅಲ್ಲಿ ಮಾಡುವುದು ಎರಡನೇ ಹಂತದ ಶುದ್ಧೀಕರಣ. ಅದು ಕೊಳೆಯನ್ನು ತಿನ್ನುತ್ತದೆ, ಉಪ್ಪನ್ನು ತಿನ್ನುವುದಿಲ್ಲ. ಕರಗಿದ ಉಪ್ಪು ಕರಗಿದ ಹಾಗೇ ನಮ್ಮ ಕೆರೆಗೆ ಇಳಿಯುತ್ತದೆ.

ಒಂದು ತೊಟ್ಟಿಯ ಉಪ್ಪಿನಿಂದ ಕೆರೆ ಕೆಡುವುದಿಲ್ಲ, ಅದೂ ಗೊತ್ತು. ದಿನಕ್ಕೆ 440 ದಶಲಕ್ಷ ಲೀಟರ್ ಗುರಿ ಇಟ್ಟುಕೊಂಡ ಯೋಜನೆಯಲ್ಲಿ ಅದು ಸಾರಿಗೆ ಹಾಕಿದ ಚಿಟಿಕೆಯೂ ಅಲ್ಲ. ಇಡೀ ನಗರದ ಸೋಪಿನಪುಡಿ, ಗಡಸುನೀರು ಮೆದುಮಾಡುವ ಯಂತ್ರಗಳ ಉಪ್ಪು, ಕಾರ್ಖಾನೆ, ಎಲ್ಲದರ ಜೊತೆ ಇದೊಂದು. ನಮ್ಮ ಸಿಟ್ಟು ಚಿಟಿಕೆಯ ಮೇಲಲ್ಲ. ಅದೇ ಮನೆಯಲ್ಲಿ ಮೀನಿಗೆ ಐದು ಹಂತದ ನೀರು, ಆ ಮನೆಯ ಮೋರಿಯ ಇನ್ನೊಂದು ತುದಿಯಲ್ಲಿರುವ ನಮಗೆ ಎರಡು ಹಂತದ್ದು. ಸಿಟ್ಟು ಇದರ ಮೇಲೆ.

2018ರ ಜೂನ್‌ನಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂದಾಗ ಪೂಜೆ ಮಾಡಿದೆವು, ಕುಣಿದೆವು. ಮುಂದಿನ ತಿಂಗಳೇ ನೊರೆ ಬಂತು. ಹೈಕೋರ್ಟು ಕೆಲಕಾಲ ನೀರು ನಿಲ್ಲಿಸಿತು. ಆ ಹುಡುಗ ಸ್ಕಿಮ್ಮರ್ ಕಪ್ಪಿನ ಮಾತು ಹೇಳುವಾಗ ನಮಗೆ ನೆನಪಾದದ್ದು ಅದೇ. ಅವರ ಮನೆಯಲ್ಲಿ ನೊರೆ ಲೋಟಕ್ಕೆ ಬೀಳುತ್ತದೆ, ಚೆಲ್ಲುತ್ತಾರೆ. ನಮ್ಮಲ್ಲಿ ಕೆರೆಗೇ ಬಂದಿತ್ತು.

ನೀರು ಬಂದದ್ದರಿಂದ ಬತ್ತಿದ ಬೋರ್‌ವೆಲ್‌ಗಳಿಗೆ ಜೀವ ಬಂದಿದೆ, ಟೊಮೆಟೊ ಬೆಳೆಯುವವರು ಉಸಿರು ಬಿಟ್ಟಿದ್ದಾರೆ. ಅದನ್ನು ಇಲ್ಲ ಅನ್ನುವುದಿಲ್ಲ. ನೀರು ನಿಲ್ಲಿಸಿ ಅಂತಲೂ ನಾವು ಕೇಳುತ್ತಿಲ್ಲ. ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಅಂತ ಎರಡೂ ಜಿಲ್ಲೆಯವರು ವರ್ಷಗಳಿಂದ ಗಂಟಲು ಹರಿದುಕೊಳ್ಳುತ್ತಿದ್ದೇವೆ. ಈ ನೀರು ಕುಡಿಯುವುದಕ್ಕಲ್ಲ, ಅಂತರ್ಜಲಕ್ಕೆ ಮಾತ್ರ ಅನ್ನುತ್ತಾರೆ. ಕೆರೆಯ ನೀರು ಬೋರ್‌ವೆಲ್‌ಗೆ, ಬೋರ್‌ವೆಲ್ಲಿನದು ಓವರ್‌ಹೆಡ್ ಟ್ಯಾಂಕಿಗೆ, ಟ್ಯಾಂಕಿನದು ಬಿಂದಿಗೆಗೆ. ಇದರಲ್ಲಿ ಕುಡಿಯುವುದು ಎಲ್ಲಿ ಬಿಟ್ಟುಹೋಯಿತು, ಸ್ವಾಮಿ?

ಹವಳ ಸಾಕುವವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನೈಟ್ರೇಟ್, ಫಾಸ್ಫೇಟ್ ಏರಿದರೆ ಗಾಜಿನ ಮೇಲೆ ಪಾಚಿ ಕಟ್ಟುತ್ತದೆ, ಹವಳ ಕಂದುತ್ತದೆ ಅಂತ ಅವರು ಬೆರಳು ಮಡಚಿ ಹೇಳುತ್ತಾರೆ. ನಮ್ಮ ಕೆರೆಗಳಲ್ಲಿ ಹಸಿರು ಬಣ್ಣ ತಿರುಗಿದ್ದು ಯಾಕೆ ಅಂತ ಅಧಿಕಾರಿಗಳಿಗೆ ಅರ್ಥ ಮಾಡಿಸಲು ಅವರಿಗಿಂತ ಒಳ್ಳೆ ಸಾಕ್ಷಿ ಇಲ್ಲ. ಅವರು ಯಾಕೆ ಬಾಯಿ ಬಿಡುವುದಿಲ್ಲ? ಮುಂದಿನ ಸಲ ಮೂರನೇ ಹಂತಕ್ಕಾಗಿ ಮನವಿ ಬರೆದಾಗ ಅವರ ರುಜು ನಮಗೆ ಬೇಕು.

ಇನ್ನು ಆ ಹವಳ, ಮೀನುಗಳ ಮೂಲ. ಸಿಹಿನೀರಿನ ಬಣ್ಣದ ಮೀನುಗಳು ಬಹುಪಾಲು ಕೊಳದಲ್ಲಿ ಮರಿ ಮಾಡಿಸಿದವು. ಉಪ್ಪುನೀರಿನವು ಹಾಗಲ್ಲ, ಬಹುಪಾಲು ಸಮುದ್ರದಿಂದಲೇ ಹಿಡಿದು ತಂದವು. ಫಿಲಿಪ್ಪೀನ್ಸ್‌ನಲ್ಲಿ 1960ರ ದಶಕದಿಂದ ಬಾಟಲಿಯಲ್ಲಿ ಸಯನೈಡ್ ತುಂಬಿ ಹವಳದ ಸಂದಿಗೆ ಚಿಮ್ಮಿ, ಮೀನಿಗೆ ಮಂಪರು ಬರಿಸಿ ಹಿಡಿಯುವ ಚಾಳಿ ಶುರುವಾಯಿತು. ಮೀನು ಬದುಕಿದರೂ ಹವಳ ಸಾಯುತ್ತದೆ. ಮಕ್ಕಳ ಸಿನಿಮಾದಿಂದ ಹೆಸರಾದ ಆ ನೀಲಿ ಮೀನನ್ನು ತೊಟ್ಟಿಯಲ್ಲಿ ಮರಿ ಮಾಡಿಸಲು ಫ್ಲೋರಿಡಾದ ವಿಜ್ಞಾನಿಗಳಿಗೆ 2016ರವರೆಗೆ ಬೇಕಾಯಿತು. ಇವತ್ತು ಅಂಗಡಿಯಲ್ಲಿ ಕಾಣುವ ನೀಲಿ ಮೀನು ಎಲ್ಲಿಯದು ಅಂತ ಕೊಳ್ಳುವವರು ಕೇಳಲೇಬೇಕು.

ನಮ್ಮ ಕಾನೂನಿನಲ್ಲಿ ಕಲ್ಲುಹವಳ 2001ರಿಂದ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ, ಹುಲಿಯ ಪಟ್ಟಿಯಲ್ಲೇ. ಸಮುದ್ರ ಕುದುರೆಯೂ ಅಲ್ಲೇ ಇದೆ. ಮೂರರಿಂದ ಏಳು ವರ್ಷ ಜೈಲು. ಮುರ್ಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತ ನಮ್ಮದೇ ಹವಳ ಇದೆ. ಅಲ್ಲಿಂದ ಒಬ್ಬ ಮೀನುಗಾರ ಒಂದು ತುಂಡು ತಂದು ಮಾರಿದರೆ ಕೋಳ ಬೀಳುತ್ತದೆ, ಬೀಳಲೇಬೇಕು. ತೂತ್ತುಕುಡಿ ಕಡೆ ಹವಳ ಕಿತ್ತು ಸುಣ್ಣ ಸುಟ್ಟು ಸುಟ್ಟು ಸಣ್ಣ ದ್ವೀಪಗಳೇ ನೀರಿಗೆ ಮುಳುಗಿವೆ. ಆದರೆ ನಗರದ ತೊಟ್ಟಿಯ ಹವಳಕ್ಕೆ 'ಇಂಪೋರ್ಟೆಡ್' ಅನ್ನುವ ಒಂದು ಮಾತು ಸಾಕಾಗುತ್ತಿದೆ. ತಿದ್ದುಪಡಿಯಾದ ಕಾಯ್ದೆ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ವಿದೇಶದ ಇಂಥ ಜೀವಿಗಳನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಬೇಕು. ದೋಣಿ ತಪಾಸಣೆ ಮಾಡುವ ಇಲಾಖೆ ಲಿಫ್ಟು ಹತ್ತಿ ಕಾಗದ ಕೇಳಿದ್ದನ್ನು ನಾವಂತೂ ನೋಡಿಲ್ಲ.

ಆಸೆಯೇ ಇದ್ದರೆ ದಾರಿ ಇದೆ. ಕಿತ್ತಳೆ ಬಣ್ಣದ ಕ್ಲೌನ್ ಮೀನನ್ನು ಮರಿ ಮಾಡಿಸುವ ವಿದ್ಯೆಯನ್ನು ಕೇಂದ್ರದ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಯಾವತ್ತೋ ಕಲಿತಿದೆ. ಲಕ್ಷದ್ವೀಪದ ಅಗತ್ತಿಯಲ್ಲಿ ಹೆಂಗಸರು ಬಣ್ಣದ ಸೀಗಡಿ ಬೆಳೆಸಲು ತರಬೇತಿ ಪಡೆದಿದ್ದಾರೆ. ಅಂಥದ್ದನ್ನು ಕೊಳ್ಳಿ, ನಮ್ಮ ಕರಾವಳಿಯ ಅಕ್ಕಂದಿರಿಗೂ ನಾಲ್ಕು ಕಾಸು ಸಿಗಲಿ. ನಾವು ಹವ್ಯಾಸದ ಶತ್ರುಗಳಲ್ಲ.

ಕೊನೆಯದು ನಮ್ಮ ಊರಿನವರಿಗೆ. ಆ ತೊಟ್ಟಿಯಲ್ಲಿ ನೈಟ್ರೇಟ್ 10 ದಾಟಿದರೆ ಫೋನು ಬರುತ್ತದೆ ಅಂದೆವಲ್ಲ. ಮನುಷ್ಯರು ಕುಡಿಯುವ ನೀರಿಗೆ ಮಿತಿ 45. ಫ್ಲೋರೈಡ್ 1, ಬೇರೆ ಗತಿಯೇ ಇಲ್ಲದಿದ್ದರೆ ಒಂದೂವರೆ. ಇದನ್ನು ನೋಡಲು ಜಲ ಜೀವನ್ ಮಿಷನ್‌ನಲ್ಲಿ ಪಂಚಾಯ್ತಿಗೆ ಪರೀಕ್ಷಾ ಕಿಟ್ಟು ಕೊಡುತ್ತಾರೆ, ಊರಿಗೆ ಐವರು ಹೆಂಗಸರಿಗೆ ತರಬೇತಿ ಕೊಡಬೇಕು ಅಂತ ನಿಯಮವಿದೆ. ನಾವು ಹೋದ ಒಂದು ಪಂಚಾಯ್ತಿಯಲ್ಲಿ ಆ ಪೆಟ್ಟಿಗೆ ಬೀರುವಿನೊಳಗೆ ಸೀಲು ಒಡೆಯದೆ ಕೂತಿತ್ತು, ಔಷಧಿಯ ತಾರೀಖು ಮುಗಿದಿತ್ತು. ಐದು ರೂಪಾಯಿ ಕಾಯಿನ್ ಹಾಕಿ ಕ್ಯಾನು ತುಂಬುವ ನೀರಿನ ಘಟಕದಲ್ಲಿ ಪೊರೆ ಬದಲಿಸಿದ್ದು ಯಾವಾಗ ಅಂತ ಕೇಳಿದರೆ ಗುತ್ತಿಗೆದಾರನನ್ನು ಕೇಳಿ ಅಂದರು. ಗುತ್ತಿಗೆದಾರ ಫೋನ್ ಎತ್ತಲಿಲ್ಲ.

ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಎರಡೇ ಕೇಳಿ: ಕಿಟ್ಟು ಎಲ್ಲಿ, ಪೊರೆ ಬದಲಿಸಿದ ತಾರೀಖು ಯಾವುದು. ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಿ, ಫೋಟೋ ತೆಗೆದು ನಮಗೆ ಕಳಿಸಿ, ಊರಿನ ಹೆಸರು ಹಾಕಿ ಇಲ್ಲೇ ಪ್ರಕಟಿಸುತ್ತೇವೆ. ಅಲ್ಲಿಯವರೆಗೆ, ನಿಮ್ಮ ನೀರಿನಲ್ಲಿ ನೈಟ್ರೇಟ್ 45 ದಾಟಿದೆ ಅಂತ ಗೊತ್ತಾದರೆ ಹಸುಗೂಸಿಗೆ ಆ ನೀರಿನಲ್ಲಿ ಹಾಲಿನಪುಡಿ ಕಲಸಬೇಡಿ. ಕಾಯಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಗಟ್ಟಿಯಾಗುತ್ತದೆ.