ಇಪ್ಪತ್ತು ಕೀಟ, ಚೀಟಿ ಒಂದೂ ಇಲ್ಲ

ಕಳೆದ ಡಿಸೆಂಬರಿನಲ್ಲಿ ಅಬ್ಬಿಗೇರಿಯ ಶಾಲೆಯೊಂದರ ಎಂಟನೆಯ ತರಗತಿಯಲ್ಲಿ, ಹಿಂದಿನ ಬೆಂಚಿನಲ್ಲಿ ಕುಳಿತು ನಮ್ಮ ಪ್ರಶಿಕ್ಷಣಾರ್ಥಿಯೊಬ್ಬಳ ಪಾಠ ವೀಕ್ಷಿಸುತ್ತಿದ್ದೆ. ಘಟಕ ‘ಬೆಳೆ ಉತ್ಪಾದನೆ ಮತ್ತು ನಿರ್ವಹಣೆ’. ಮೇಜಿನ ಮೇಲೆ ಥರ್ಮೋಕೋಲ್ ಹಲಗೆ, ಅದರಲ್ಲಿ ಗುಂಡುಸೂಜಿ ಚುಚ್ಚಿದ ಇಪ್ಪತ್ತು ಕೀಟ. ಒಬ್ಬ ಹುಡುಗ ಎದ್ದುನಿಂತು, ‘ಅಕ್ಕೋರ, ಇವನ್ನ ಯಾವ ಹೊಲದಾಗ ಹಿಡದೀರಿ?’ ಎಂದ. ಆಕೆ ನನ್ನ ಕಡೆ ನೋಡಿದಳು. ಆ ಹಲಗೆ ಹಿಂದಿನ ವರ್ಷದ ತಂಡದವರದು. ಅವರಿಗೆ ಇನ್ನೂ ಹಿಂದಿನವರಿಂದ ಬಂದಿತ್ತೋ ಏನೋ. ಅದೇ ಹಲಗೆಗೆ ನಾನು ಎರಡು ಸಲ ಅಂಕ ಕೊಟ್ಟಿದ್ದೆ.

ಮರುದಿನ ಆ ಹುಡುಗ ಡಬ್ಬಿಯೊಂದರಲ್ಲಿ ತಮ್ಮ ಹೊಲದ ಕುಸುಬಿಯ ಕುಡಿ ತಂದ. ಕುಡಿಯ ತುಂಬ ಕರಿ ಹೇನು, ನಡುವೆ ಕಿತ್ತಳೆ ಚುಕ್ಕೆಗಳ, ಮೈಯೆಲ್ಲ ಮುಳ್ಳುಮುಳ್ಳಾದ ಕಪ್ಪು ಮರಿಹುಳು. ‘ಎರಡೂ ಪೀಡೆನ, ಎಣ್ಣಿ ಹೊಡೀಬೇಕು’ ಎಂದಳು ನಮ್ಮ ಹುಡುಗಿ. ನನಗೂ ಗೊತ್ತಿರಲಿಲ್ಲ. ವೀಕ್ಷಣಾ ಪುಸ್ತಕದಲ್ಲಿ ‘ಮಕ್ಕಳ ಪ್ರಶ್ನೆಗೆ ತಕ್ಷಣ ಉತ್ತರಿಸುತ್ತಾರೆ’ ಎಂದು ಮೆಚ್ಚುಗೆ ಬರೆದೆ. ಕೆಲವು ದಿನಗಳಲ್ಲಿ ಡಬ್ಬಿಯೊಳಗೆ ಆ ಮರಿಹುಳು ಕೋಶವಾಗಿ, ಅದರಿಂದ ಗುಲಗಂಜಿ ಹುಳು ಹೊರಬಂತು. ಹೇನು ತಿನ್ನುವ, ರೈತನ ಕೆಲಸ ಮಾಡುವ ಹುಳು. ಅಷ್ಟರಲ್ಲಿ ಹುಡುಗ ಮನೆಯಲ್ಲಿ ಹೇಳಿ, ಅವರಪ್ಪ ಎಣ್ಣೆ ಹೊಡೆದು ಮುಗಿಸಿದ್ದರು.

ಬೋಧನಾಭ್ಯಾಸದಲ್ಲಿ ಕೀಟ ಸಂಗ್ರಹಕ್ಕೆ ಕೊಡುವ ಅಂಕವನ್ನು ಹಲಗೆಯ ಅಂದಕ್ಕೆ ಕೊಡುವುದನ್ನು ನಿಲ್ಲಿಸಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೆ. ಇಪ್ಪತ್ತು ಬೇಡ. ಒಂದೇ ಕೀಟ ಸಾಕು. ಆದರೆ ಅದು ಮಕ್ಕಳು ತಮ್ಮ ಊರಿನ ಹೊಲದಲ್ಲಿ ಹಿಡಿದದ್ದಾಗಿರಲಿ, ಚೀಟಿ ಇರಲಿ, ಗೊತ್ತಿಲ್ಲದಿದ್ದರೆ ಗೊತ್ತಿದ್ದವರಿಗೆ ಕಳಿಸಿ ಕೇಳಿದ್ದಾಗಿರಲಿ.

ಹೆಸರು ಹಿಡಿಯುವುದು ಸಣ್ಣ ಕೆಲಸವಲ್ಲ. 2018ರಲ್ಲಿ ನಮ್ಮ ರಾಜ್ಯದ ಮೆಕ್ಕೆಜೋಳದಲ್ಲಿ ಕಂಡ ಹುಳು ನಮ್ಮ ಹಳೆಯ ಸೈನಿಕ ಹುಳುವಲ್ಲ, ಅಮೆರಿಕ ಮೂಲದ ಫಾಲ್ ಸೈನಿಕ ಹುಳು ಎಂದು ಮೊದಲು ತಿಳಿದದ್ದು ಮಾದರಿಗಳನ್ನು ತಜ್ಞರು ಪರೀಕ್ಷಿಸಿದಾಗ. ಭಾರತದಲ್ಲಿ ಅದರ ಮೊದಲ ದಾಖಲೆ ಅದೇ. ತಲೆಯ ಮೇಲೆ ತಲೆಕೆಳಗಾದ ‘ವೈ’ ಗುರುತು, ಹಿಂಭಾಗದಲ್ಲಿ ಚೌಕವಾಗಿ ನಾಲ್ಕು ಚುಕ್ಕೆ: ಇಂದು ಇವನ್ನು ಹೊಲದಲ್ಲಿ ನಿಂತ ರೈತರೇ ತೋರಿಸುತ್ತಾರೆ.

ಗುಲಗಂಜಿ ಹುಳುವಿಗೆ ತಜ್ಞರು ಬೇಕಿಲ್ಲ, ಒಳ್ಳೆಯ ಫೋಟೊ ಸಾಕು. ಆದರೆ ಅದೇ ಕುಡಿಯಲ್ಲಿ ಕೆಲವು ಹೇನುಗಳು ಊದಿ, ಒಣಗಿ ಕಂದುಬಣ್ಣಕ್ಕೆ ತಿರುಗಿದ್ದವು. ಅವುಗಳ ಬೆನ್ನು ಕೊರೆದು ಸೊಳ್ಳೆಗಿಂತ ಸಣ್ಣ ಕಣಜಗಳು ಹೊರಬಂದವು. ನಾವು ಅಂಚೆಗೆ ಹಾಕಿದ್ದು ಅವನ್ನು. ಮೊದಲ ಸಲ ಕೆಟ್ಟಿತು. ಚೀಟಿಯನ್ನು ಬಾಲ್ ಪೆನ್ನಿನಲ್ಲಿ ಬರೆದು ಸ್ಪಿರಿಟ್ ಸೀಸೆಯೊಳಗೆ ಹಾಕಿದ್ದೆವು, ಅಕ್ಷರವೆಲ್ಲ ಕರಗಿಹೋಗಿತ್ತು. ಅರಳೆಯ ಎಳೆಗೆ ಸಿಕ್ಕಿ ಕಾಲು, ಮೀಸೆ ಮುರಿದಿದ್ದವು. ಕೀಟಶಾಸ್ತ್ರಜ್ಞರೊಬ್ಬರಿಂದ ಬಂದ ಉತ್ತರ ಚಿಕ್ಕದು: ಹೇನಿನ ಪರಾವಲಂಬಿ ಕಣಜ, ಇದಕ್ಕಿಂತ ಹೆಚ್ಚು ಹೇಳಲಾರೆ, ಎಲ್ಲಿಯದು, ಯಾವ ದಿನಾಂಕದ್ದು, ಯಾವ ಬೆಳೆಯ ಮೇಲಿನದು?

ಹುಡುಗ ಕೇಳಿದ್ದೂ ಅದನ್ನೇ ಅಲ್ಲವೆ?

ಎರಡನೆಯ ಸಲ ಮಕ್ಕಳೇ ಸಿದ್ಧಪಡಿಸಿದರು. ಮೆದುಮೈಯ ಹುಳು, ಸಣ್ಣ ಕಣಜಗಳಿಗೆ ಸ್ಪಿರಿಟ್. ಮರಿಹುಳುವಾದರೆ ಮೊದಲು ಬಿಸಿನೀರಿಗೆ ಹಾಕಬೇಕು, ಇಲ್ಲದಿದ್ದರೆ ಕಪ್ಪಾಗುತ್ತದೆ. ಗಟ್ಟಿ ಮೈಯ ದುಂಬಿಗೆ ಸೂಜಿ ಬಲ ರೆಕ್ಕೆಯ ಮೇಲೆ, ನಟ್ಟನಡುವೆ ಅಲ್ಲ. ಪತಂಗವನ್ನು ಮಡಿಸಿದ ಕಾಗದದ ತ್ರಿಕೋನದಲ್ಲಿಡಬೇಕು. (ಚಿಟ್ಟೆಗಳ ತಂಟೆಗೆ ಹೋಗಬೇಡಿ, ಹಲವು ಜಾತಿಗಳು 1972ರ ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿವೆ.) ಹೊತ್ತಿಕೊಳ್ಳುವ ದ್ರವವನ್ನು ಅಂಚೆಯಲ್ಲಿ ಕಳಿಸುವಂತಿಲ್ಲ. ಆದ್ದರಿಂದ ಕಳಿಸುವ ಮುನ್ನ ಸ್ಪಿರಿಟ್ ಬಸಿದು, ಒದ್ದೆಯಾದ ಮೆತ್ತನೆಯ ಕಾಗದವಿಟ್ಟು ಮುಚ್ಚಳ ಬಿಗಿದೆವು. ಸೀಸೆ ಸಣ್ಣ ಪೆಟ್ಟಿಗೆಯೊಳಗೆ, ಅದು ದೊಡ್ಡ ಪೆಟ್ಟಿಗೆಯೊಳಗೆ, ಸುತ್ತಲೂ ಮುದುಡಿದ ಪತ್ರಿಕೆ. ಚೀಟಿ ಪೆನ್ಸಿಲಿನಲ್ಲಿ: ಅಬ್ಬಿಗೇರಿ, ಗದಗ ಜಿಲ್ಲೆ, ಕರ್ನಾಟಕ, ದಿನಾಂಕ, ಕುಸುಬಿಯ ಹೇನಿನಿಂದ ಹೊರಬಂದದ್ದು, ಹಿಡಿದವರ ಹೆಸರು. ಆ ಸಾಲಿನಲ್ಲಿ ತನ್ನ ಹೆಸರು ಬರೆಯುವಾಗ ಹುಡುಗ ಪೆನ್ಸಿಲ್ ಎರಡು ಸಲ ಚೂಪು ಮಾಡಿಕೊಂಡ.

ಸಹೋದ್ಯೋಗಿಗಳ ಆಕ್ಷೇಪ ನನಗೆ ಗೊತ್ತು. ಬೋಧನಾಭ್ಯಾಸದ ಅವಧಿ ಮುಗಿದರೂ ಉತ್ತರ ಬಂದಿರುವುದಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೋ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಗೋ ಎಲ್ಲ ಕಾಲೇಜುಗಳೂ ಪೊಟ್ಟಣ ಕಳಿಸತೊಡಗಿದರೆ ಅವರ ಗತಿ ಏನು? ನಿಜ. ದುಂಬಿ ಬಲ್ಲವರು ಬೇರೆ, ನೊಣ ಬಲ್ಲವರು ಬೇರೆ. ಎಲ್ಲರೂ ಕೆಲವೇ ಮಂದಿ. ಆದ್ದರಿಂದ ಮೊದಲು ಪತ್ರ ಬರೆದು ಒಪ್ಪಿಗೆ ಕೇಳಬೇಕು, ಫೋಟೊದಲ್ಲಿ ತಿಳಿಯುವುದನ್ನು ಕಳಿಸಬಾರದು, ತಂಡಕ್ಕೆ ಒಂದೇ ಪೊಟ್ಟಣ. ಉತ್ತರ ಬರುವ ಮೊದಲೇ ಅಂಕ ಕೊಡಬಹುದು. ಚೀಟಿ ಓದಿದರೆ ಕೆಲಸ ತಿಳಿಯುತ್ತದೆ.

ಇನ್ನೊಂದು ಅಂಕವೂ ಬೇಕು. ‘ನನಗ ಗೊತ್ತಿಲ್ಲ, ಕೇಳಿ ಹೇಳ್ತೀನಿ’ ಎಂದು ತರಗತಿಯಲ್ಲಿ ಹೇಳಿದ ಪ್ರಶಿಕ್ಷಣಾರ್ಥಿಗೆ ನಮ್ಮ ವೀಕ್ಷಣಾ ನಮೂನೆಯಲ್ಲಿ ಈಗ ‘ವಿಷಯ ಜ್ಞಾನ’ದ ಕಲಮಿನಲ್ಲಿ ಅಂಕ ಕಡಿತವಾಗುತ್ತದೆ. ಆ ಕಲಮನ್ನು ಮುಂದಿನ ತಂಡ ಹೊರಡುವ ಮುಂಚೆ ತಿದ್ದಬೇಕೆಂದು ವಿಭಾಗಕ್ಕೆ ಬರೆದುಕೊಟ್ಟಿದ್ದೇನೆ. ಎರಡನೆಯ ಪೊಟ್ಟಣಕ್ಕೆ ಉತ್ತರ ಇನ್ನೂ ಬಂದಿಲ್ಲ. ಹುಡುಗ ಶಾಲೆಗೆ ಬರುವ ಅಂಚೆಯಣ್ಣನನ್ನು ದಿನಾ ಕೇಳುತ್ತಾನಂತೆ.