ವೇಗದ ಅಂಕಿಯೂ ಬ್ಯಾಟರಿಯ ಲೆಕ್ಕವೂ

ಮನೆಗೊಂದು ಲ್ಯಾಪ್‌ಟಾಪು ಬೇಕೆಂದು ಅಂಗಡಿಗೆ ಹೋದ ಗೃಹಸ್ಥರು ಮೊದಲು ಕೇಳುವುದು, "ಇದರ ವೇಗವೆಷ್ಟು?" ಎಂದು. ಅಂಗಡಿಯವರು ಗಿಗಾಹರ್ಟ್ಸ್ ಎಂಬ ಒಂದು ದೊಡ್ಡ ಅಂಕಿಯನ್ನು ಹೇಳುತ್ತಾರೆ, ವ್ಯಾಪಾರವು ಮುಗಿಯುತ್ತದೆ. ಆ ವೇಗವನ್ನು ಯಂತ್ರವು ಎಷ್ಟು ಹೊತ್ತು ತಾಳಬಲ್ಲುದು, ಅದಕ್ಕಾಗಿ ಎಷ್ಟು ವಿದ್ಯುತ್ತನ್ನು ನುಂಗುವುದು ಎಂಬುದನ್ನು ಯಾರೂ ಕೇಳುವುದಿಲ್ಲ. ಹತ್ತಾರು ಸಾವಿರ ರೂಪಾಯಿಗಳನ್ನು ತೆತ್ತು, ಹಲವು ವರ್ಷ ಮಕ್ಕಳ ವ್ಯಾಸಂಗಕ್ಕೂ ಮನೆಯ ಲೆಕ್ಕಪತ್ರಕ್ಕೂ ಬಳಸಬೇಕಾದ ವಸ್ತುವಿನ ವಿಷಯದಲ್ಲಿ ಇಷ್ಟು ಅವಸರವು ಸಲ್ಲದೆಂದು ತೋರಿ, ಈ ತಿಂಗಳು ಅದನ್ನೇ ವಿಚಾರಕ್ಕೆ ತೆಗೆದುಕೊಂಡಿದ್ದೇವೆ.

ಗಿಗಾಹರ್ಟ್ಸ್ ಎಂಬುದು ಪ್ರೊಸೆಸರಿನ ಮಿಡಿತದ ಎಣಿಕೆಯೇ ಹೊರತು ಕೆಲಸದ ಅಳತೆಯಲ್ಲ. ಇದನ್ನು ಇಂಟೆಲ್ ಕಂಪೆನಿಯವರೇ 2003ರಲ್ಲಿ ತೋರಿಸಿಕೊಟ್ಟರು. ಅದುವರೆಗೆ ಪೆಂಟಿಯಂ 4 ಎಂಬ ತಮ್ಮ ಪ್ರೊಸೆಸರನ್ನು ಮಿಡಿತದ ಅಂಕಿಯ ಬಲದಿಂದಲೇ ಅವರು ಮಾರುತ್ತಿದ್ದರು. ಆ ವರ್ಷ, ಇಸ್ರೇಲಿನ ಹೈಫಾದಲ್ಲಿರುವ ಅವರ ಶಾಖೆಯು ರೂಪಿಸಿದ ಪೆಂಟಿಯಂ ಎಂ ಹೊರಬಂದಿತು. 1.6 ಗಿಗಾಹರ್ಟ್ಸಿನ ಈ ಪ್ರೊಸೆಸರು ಎರಡು ಗಿಗಾಹರ್ಟ್ಸಿಗೂ ಮೇಲ್ಪಟ್ಟ ಪೆಂಟಿಯಂ 4ರೊಡನೆ ಸರಿಸಮನಾಗಿ ದುಡಿಯಿತು. ಅದಕ್ಕೆ ನಿಗದಿಯಾದ ಶಾಖದ ಮಿತಿಯಾದರೋ 24.5 ವ್ಯಾಟ್ ಮಾತ್ರ. ಒಂದೊಂದು ಮಿಡಿತದಲ್ಲಿಯೂ ಹೆಚ್ಚು ಕೆಲಸವನ್ನು ಮುಗಿಸುತ್ತಿದ್ದುದೇ ಇದರ ಗುಟ್ಟು.

ಮಿಡಿತವನ್ನು ಏರಿಸಿದಷ್ಟೇ ವ್ಯಯವೂ ಏರುವಂತಿದ್ದರೆ ಚಿಂತೆಯಿರಲಿಲ್ಲ. ಹಾಗಾಗುವುದಿಲ್ಲ. ಪ್ರೊಸೆಸರಿನ ವ್ಯಯವು ಮಿಡಿತದೊಡನೆ ನೇರವಾಗಿಯೂ ವೋಲ್ಟೇಜಿನೊಡನೆ ಅದರ ವರ್ಗದಂತೆಯೂ ಏರುತ್ತದೆ. ಒಂದು ಹಂತವನ್ನು ದಾಟಿದ ಮೇಲೆ ವೋಲ್ಟೇಜನ್ನು ಏರಿಸದೆ ಮಿಡಿತವನ್ನು ಏರಿಸಲಾಗದು. ಎರಡನ್ನೂ ಶೇಕಡ 20ರಂತೆ ಏರಿಸಬೇಕಾಯಿತೆಂದು ಇಟ್ಟುಕೊಳ್ಳೋಣ. ಆಗ ವ್ಯಯವು ಶೇಕಡ 73ರಷ್ಟು ಹೆಚ್ಚುವುದು. ಹಸಿವೆಂದು ಒಲೆಗೆ ಸೌದೆಯನ್ನು ತುರುಕಿದರೆ ಅನ್ನವು ತುಸು ಬೇಗ ಬೆಂದೀತು. ಹೊರೆಯು ಮಾತ್ರ ಅರ್ಧಕ್ಕರ್ಧ ಕರಗಿರುತ್ತದೆ.

ಇದನ್ನರಿತು ಅಂಗಡಿಯ ಚೀಟಿಯನ್ನು ನೋಡಬೇಕು. 2022ರಲ್ಲಿ ಬಂದ ಇಂಟೆಲಿನ ಐ7-1260ಪಿ ಎಂಬ ಪ್ರೊಸೆಸರಿಗೆ ಮೂಲಶಕ್ತಿ 28 ವ್ಯಾಟ್, ಪರಮಾವಧಿ 64 ವ್ಯಾಟ್. ಜಾಹೀರಾತಿನ ಅಂಕಿ ಆ ಪರಮಾವಧಿಯ ಸೊತ್ತು. ತೆಳುವಾದ ಯಂತ್ರದೊಳಗಿನ ಪುಟ್ಟ ಫ್ಯಾನು ಅಷ್ಟು ಶಾಖವನ್ನು ಹೊತ್ತುಗಟ್ಟಲೆ ಹೊರದೂಡಲಾರದು. ಆದ್ದರಿಂದ ಪ್ರೊಸೆಸರು ಸ್ವಲ್ಪ ಕಾಲ ಓಡಿ, ಬಳಿಕ ನಡಿಗೆಗೆ ಇಳಿಯುತ್ತದೆ. ಎಷ್ಟು ವ್ಯಾಟಿಗೆ ಇಳಿಯಬೇಕೆಂಬುದನ್ನು ಗೊತ್ತುಮಾಡುವವರು ಲ್ಯಾಪ್‌ಟಾಪನ್ನು ಕಟ್ಟಿದವರು. ಒಂದೇ ಹೆಸರಿನ ಪ್ರೊಸೆಸರು ಒಂದು ಯಂತ್ರದಲ್ಲಿ ಚುರುಕಾಗಿಯೂ ಇನ್ನೊಂದರಲ್ಲಿ ಮಂದವಾಗಿಯೂ ಇರುವುದು ಇದರಿಂದಲೇ.

ಹೆಸರುಗಳ ಗೊಂದಲವನ್ನಂತೂ ಏನೆಂದು ಹೇಳೋಣ! ಎಎಂಡಿ ಕಂಪೆನಿಯ ರೈಜನ್ 5 7520ಯು ಮತ್ತು ರೈಜನ್ 5 7540ಯು ಎಂಬೆರಡು ಹೆಸರುಗಳಲ್ಲಿ ವ್ಯತ್ಯಾಸವು ಒಂದೇ ಅಂಕಿಯದು. ಆ ಮೂರನೆಯ ಅಂಕಿಯೇ ಪ್ರೊಸೆಸರಿನ ಪೀಳಿಗೆಯನ್ನು ಸೂಚಿಸುವುದು. ಮೊದಲನೆಯದು 2019ರಲ್ಲಿ ಕಾಣಿಸಿಕೊಂಡ ಜೆನ್ 2 ಪೀಳಿಗೆಯದು, ಎರಡನೆಯದು 2022ರ ಜೆನ್ 4 ಪೀಳಿಗೆಯದು. ಅಜ್ಜನಿಗೂ ಮೊಮ್ಮಗನಿಗೂ ಒಂದೇ ಹೆಸರಿಡುವ ಪದ್ಧತಿ ನಮ್ಮಲ್ಲಿಯೂ ಉಂಟು; ಆದರೆ ನಾವು ಅವರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಮಾರುವುದಿಲ್ಲ.

ಮಿತವ್ಯಯದ ಮಾತು ಬಂದೊಡನೆ ಕೆಲವರು ವಿದ್ಯುತ್ ಬಿಲ್ಲನ್ನು ನೆನೆಯುತ್ತಾರೆ. ಅಲ್ಲಿ ಲಾಭವು ಅತ್ಯಲ್ಪ. 15 ವ್ಯಾಟಿನ ಲ್ಯಾಪ್‌ಟಾಪನ್ನು ದಿನಕ್ಕೆ ಎಂಟು ಗಂಟೆ ನಡೆಸಿದರೂ ತಿಂಗಳಿಗೆ ನಾಲ್ಕು ಯೂನಿಟ್ ಆಗದು. ನಿಜವಾದ ಲಾಭವು ಬ್ಯಾಟರಿಯಲ್ಲಿದೆ. ಬ್ಯಾಟರಿಯ ಹುರುಳನ್ನು ವ್ಯಾಟ್-ಗಂಟೆಗಳಲ್ಲಿ ಅಳೆಯುತ್ತಾರೆ. ಅಂಥ ಸಾವಿರ ಸೇರಿದರೆ ನಮ್ಮ ಬಿಲ್ಲಿನ ಒಂದು ಯೂನಿಟ್. 50 ವ್ಯಾಟ್-ಗಂಟೆಯ ಬ್ಯಾಟರಿಯಿಂದ ಯಂತ್ರವು 5 ವ್ಯಾಟ್ ಸೆಳೆದರೆ ಹತ್ತು ಗಂಟೆ ನಡೆದೀತು. 15 ವ್ಯಾಟ್ ಸೆಳೆದರೆ ಮೂರು ಗಂಟೆ ಇಪ್ಪತ್ತು ನಿಮಿಷ. ಪರೀಕ್ಷೆಯ ದಿನಗಳಲ್ಲಿ ಸಂಜೆಯ ಹೊತ್ತು ಕರೆಂಟು ಹೋಗುವ ಊರುಗಳಲ್ಲಿ ಈ ಅಂತರವೇ ಮಗುವಿನ ಪಾಠವನ್ನು ಉಳಿಸುವುದು ಅಥವಾ ಕೆಡಿಸುವುದು.

2020ರ ನವೆಂಬರಿನಲ್ಲಿ ಆಪಲ್ ಕಂಪೆನಿಯವರು ಎಂ1 ಪ್ರೊಸೆಸರನ್ನು ಹೊರತಂದಾಗ ಜನರು ಬೆರಗಾದುದಕ್ಕೂ ಇದೇ ಕಾರಣ. ಅದರ ಎಂಟು ಕೋರ್‌ಗಳಲ್ಲಿ ನಾಲ್ಕು ಭಾರದ ಕೆಲಸಕ್ಕೆ, ನಾಲ್ಕು ಮಿತವ್ಯಯಕ್ಕೆ. ಅದನ್ನಿಟ್ಟ ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನೇ ಇಲ್ಲ. ಬ್ಯಾಟರಿ 49.9 ವ್ಯಾಟ್-ಗಂಟೆಯದು; ಜಾಲತಾಣಗಳನ್ನು ನೋಡುತ್ತಿದ್ದರೆ 15 ಗಂಟೆಗಳವರೆಗೆ ಬರುವುದೆಂದು ಕಂಪೆನಿಯ ಹೇಳಿಕೆ. ಭಾಗಿಸಿ ನೋಡಿದರೆ ಪರದೆಯೂ ಸೇರಿ ಸುಮಾರು 3.3 ವ್ಯಾಟ್! ತಯಾರಕರ ಪರೀಕ್ಷೆಯು ಪರದೆಯ ಬೆಳಕನ್ನು ತಗ್ಗಿಸಿ ಮಾಡುವಂಥದು. ಮನೆಯಲ್ಲಿ ಅಷ್ಟು ಬರುವುದೆಂದು ನಂಬತಕ್ಕದ್ದಲ್ಲ. ಫ್ಯಾನಿಲ್ಲದ್ದರಿಂದ ದೀರ್ಘಕಾಲದ ಭಾರೀ ಕೆಲಸದಲ್ಲಿ ಇದೂ ಮಂದವಾಗುವುದು. ವಿಂಡೋಸಿಗೆಂದೇ ಬರೆದ ಲೆಕ್ಕಪತ್ರದ ತಂತ್ರಾಂಶಗಳು ಇದರಲ್ಲಿ ನೇರವಾಗಿ ನಡೆಯಲಾರವು. ಎರಡು ಬಗೆಯ ಕೋರ್‌ಗಳನ್ನು ಇಂಟೆಲಿನವರೂ ತಮ್ಮ ಹನ್ನೆರಡನೆಯ ಪೀಳಿಗೆಯಿಂದ ವ್ಯಾಪಕವಾಗಿ ಬಳಸಿದರು. 2024ರ ಸೆಪ್ಟೆಂಬರಿನಲ್ಲಿ ಬಂದ ಅವರ ಕೋರ್ ಅಲ್ಟ್ರಾ 200ವಿ ಸಾಲಿನಲ್ಲಿ, ಎಂ1ರಂತೆಯೇ, ಮೆಮೊರಿಯನ್ನೂ ಪ್ರೊಸೆಸರಿನ ಬದಿಯಲ್ಲಿಯೇ ಕೂರಿಸಿದ್ದಾರೆ. ಮೆಮೊರಿಯನ್ನು ಮುಂದೆ ಹೆಚ್ಚಿಸಿಕೊಳ್ಳುವ ಅವಕಾಶ ಇಂಥವುಗಳಲ್ಲಿಲ್ಲ. ಬೇಕಾದಷ್ಟನ್ನು ಕೊಳ್ಳುವಾಗಲೇ ಪಡೆಯಬೇಕು.

ವಿಮರ್ಶೆಗಳನ್ನು ಓದುವ ವಾಚಕರು ಎರಡು ವಿಷಯಗಳನ್ನು ಹುಡುಕಲಿ. ಸಿನೆಬೆಂಚ್ ಪರೀಕ್ಷೆಯನ್ನು ಹತ್ತು ನಿಮಿಷ ಎಡೆಬಿಡದೆ ನಡೆಸಿದಾಗ ಬಂದ ಅಂಕವು ಮೊದಲ ಓಟದ ಅಂಕಕ್ಕಿಂತ ಎಷ್ಟು ಕಡಮೆ ಎಂಬುದು ಒಂದು. ಚಾರ್ಜರನ್ನು ತೆಗೆದಾಗ ಅಂಕವು ಎಷ್ಟು ಕುಸಿಯಿತೆಂಬುದು ಇನ್ನೊಂದು. ಅನೇಕ ವಿಂಡೋಸ್ ಯಂತ್ರಗಳು ಬ್ಯಾಟರಿಯ ಮೇಲೆ ತಮ್ಮ ಶಕ್ತಿಯ ಮಿತಿಯನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಪತ್ರ ಬರೆಯುವುದು, ಪಾಠ ಕೇಳುವುದು, ಲೆಕ್ಕವಿಡುವುದು ಇಷ್ಟೇ ಕೆಲಸವಿರುವ ಮನೆಗೆ 15 ವ್ಯಾಟಿನ ವರ್ಗದ ಹೊಸ ಪೀಳಿಗೆಯ ಪ್ರೊಸೆಸರು ಧಾರಾಳವಾಗಿ ಸಾಕು. ಅದರಲ್ಲಿ ಉಳಿದ ಹಣವನ್ನು 16 ಗಿಗಾಬೈಟ್ ಮೆಮೊರಿಗೂ ದೊಡ್ಡ ಬ್ಯಾಟರಿಗೂ ಕೊಡುವುದೇ ಮೇಲೆಂದು ನಮ್ಮ ಅಭಿಪ್ರಾಯ. ಚಲಚ್ಚಿತ್ರಗಳನ್ನು ಸಂಕಲನ ಮಾಡುವ ಮಗನೋ ಮಗಳೋ ಮನೆಯಲ್ಲಿದ್ದರೆ ಮಾತು ಬೇರೆ. ಅವರಿಗೆ 45 ವ್ಯಾಟಿನ ವರ್ಗದ ಯಂತ್ರವೇ ತಕ್ಕುದು, ಅದರ ತೂಕವನ್ನೂ ಫ್ಯಾನಿನ ಸದ್ದನ್ನೂ ಮನೆಮಂದಿ ಸಹಿಸಿಕೊಳ್ಳಬೇಕಾಗುವುದು.